ಚಂದ್ರನ ಮೇಲಿನ ಗೋಪುರಕ್ಕೆ ಟೇಪು ಹಿಡಿಯಿರಿ

ಮಂಡ್ಯ ಜಿಲ್ಲೆಯ ಪ್ರೌಢಶಾಲೆಗಳ ವಿಜ್ಞಾನ ಮೇಷ್ಟ್ರುಗಳಿಗೆ, ಮೇಡಂಗಳಿಗೆ, ಮತ್ತು ವಸ್ತುಪ್ರದರ್ಶನಗಳಿಗೆ ತೀರ್ಪುಗಾರರಾಗಿ ಬರುವ ಹಿರಿಯರಿಗೆ,

ನಮಸ್ಕಾರ.

ನಾಲೆ ಕೆಲಸದಲ್ಲಿ ಲೆವೆಲ್ಲು, ಸ್ಟಾಫು, ಚೈನು ಹೊತ್ತು ತಿರುಗಿ ನಿವೃತ್ತನಾದ ಸರ್ವೇಯರ್ ನಾನು. ಮೊಮ್ಮಗನ ಮಾಡೆಲ್ ನೋಡಲೆಂದು ಹೋಗಿದ್ದ ಒಂದು ವಿಜ್ಞಾನ ವಸ್ತುಪ್ರದರ್ಶನದಲ್ಲಿ ಕಂಡದ್ದು ಈ ಪತ್ರ ಬರೆಸುತ್ತಿದೆ. ಯಾವ ಶಾಲೆ, ಯಾವ ತಾಲ್ಲೂಕು ಅನ್ನುವುದು ಬೇಡ. ಎಲ್ಲಿ ಬೇಕಾದರೂ ನಡೆಯಬಹುದಾದ ಸಂಗತಿ.

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಥರ್ಮಾಕೋಲಿನಲ್ಲಿ ಚಂದ್ರನ ನೆಲ ಮಾಡಿ, ಐಸ್‌ಕ್ರೀಂ ಕಡ್ಡಿಯ ಗೋಪುರಗಳನ್ನು ನೆಟ್ಟು, ‘ಚಂದ್ರನಲ್ಲಿ ಅನ್ಯಗ್ರಹ ಜೀವಿಗಳ ಕಟ್ಟಡ’ ಅಂತ ಬೋರ್ಡು ಬರೆದಿದ್ದಳು. ಹಿಂದಿನ ರಟ್ಟಿಗೆ ಕಲರ್ ಪ್ರಿಂಟುಗಳನ್ನು ಅಂಟಿಸಿದ್ದಳು: ಚಂದ್ರನ ಸ್ತಂಭಗಳು, ಮಂಗಳನ ಮುಖ, ಮಂಗಳನ ಬಾಗಿಲು. ಇಬ್ಬರು ತೀರ್ಪುಗಾರರು ಬಂದರು. ಒಬ್ಬರು ಬೋರ್ಡು ಓದಿದವರೇ, ‘ಇದು ಮೂಢನಂಬಿಕೆ, ತೆಗೆಸಿ’ ಅಂದರು. ಇನ್ನೊಬ್ಬರು, ‘ಇರ್ಲಿ ಬಿಡಿ ಸಾರ್, ಕಲ್ಪನೆ ಚೆನ್ನಾಗಿದೆ’ ಅಂತ ಸಮಾಧಾನಕರ ಬಹುಮಾನಕ್ಕೆ ಹೆಸರು ಗುರುತು ಮಾಡಿಕೊಂಡರು. ಹುಡುಗಿಗೆ ಎರಡೂ ರುಚಿಸಲಿಲ್ಲ. ‘ಸಾ, ನೆರಳು ಬಿದ್ದೈತಲ್ಲ, ಅಂದ್ಮೇಲೆ ಅಲ್ಲಿ ಏನೋ ಇರ್ಲೇಬೇಕಲ್ವಾ?’ ಅಂದಳು.

ಆ ಮೈದಾನದಲ್ಲಿ ಅವತ್ತು ನನ್ನ ಕಿವಿಗೆ ಬಿದ್ದ ಅತ್ಯುತ್ತಮ ಪ್ರಶ್ನೆ ಅದು. ಇಬ್ಬರೂ ಉತ್ತರ ಕೊಡದೆ ಪಕ್ಕದ ಟೇಬಲ್ಲಿಗೆ ಹೋದರು. ಅಲ್ಲಿ ಅಡುಗೆ ಸೋಡಾದ ಜ್ವಾಲಾಮುಖಿ ನೊರೆ ಕಾರುತ್ತಿತ್ತು. ಪ್ರತಿ ವರ್ಷವೂ ಕಾರುತ್ತದೆ, ಪ್ರತಿ ವರ್ಷವೂ ಅದಕ್ಕೆ ಬಹುಮಾನ ಬರುತ್ತದೆ.

ನನ್ನ ಅಹವಾಲು ಇಷ್ಟೇ. ತೆಗೆಸಿ ಅಂದದ್ದೂ ಸರಿಯಲ್ಲ, ಬಹುಮಾನ ಕೊಟ್ಟು ಸುಮ್ಮನಾಗಿಸಿದ್ದೂ ಸರಿಯಲ್ಲ. ಆ ಮಗುವಿನ ಕೈಗೆ ಅಳತೆ ಕೊಡಬೇಕಿತ್ತು. ಅನ್ಯಗ್ರಹದವರ ಕಟ್ಟಡ ಅನ್ನುವ ಮಾತು ನಂಬಿಕೆಯ ವಿಷಯವೇ ಅಲ್ಲ, ಅದು ಸರ್ವೆ ವಿಷಯ. ಎಷ್ಟು ಎತ್ತರ, ಎಷ್ಟು ಅಗಲ, ಯಾವ ದಿಕ್ಕಿನ ಬಿಸಿಲು, ಎಷ್ಟು ಹೊತ್ತಿನಲ್ಲಿ ತೆಗೆದ ಚಿತ್ರ? ಇಷ್ಟನ್ನು ಕೇಳಿದರೆ ಮುಕ್ಕಾಲು ಪಾಲು ಕಟ್ಟಡಗಳು ಅಲ್ಲಿಯೇ ಉದುರುತ್ತವೆ. ಉದುರದೆ ಉಳಿದದ್ದನ್ನು ನೋಡುವುದಕ್ಕೆ ಇನ್ನೂ ಸೊಗಸು.

ಸ್ತಂಭಗಳ ಆ ಚಿತ್ರವನ್ನೇ ತೆಗೆದುಕೊಳ್ಳಿ. 1966ರ ನವೆಂಬರ್ 20ರಂದು ಲೂನಾರ್ ಆರ್ಬಿಟರ್ 2 ಅನ್ನುವ ನೌಕೆ ತೆಗೆದದ್ದು. ಮನುಷ್ಯ ಇಳಿಯಲು ಸಮತಟ್ಟಾದ ಜಾಗ ಹುಡುಕಿಕೊಂಡು ಬಾ ಅಂತ ಅಮೆರಿಕದವರು ಕಳಿಸಿದ್ದ ನೌಕೆ. ಶಾಂತಿಸಾಗರ ಅಂತ ಕರೆಯುವ ಬಯಲಿನಲ್ಲಿ ಒಂದಷ್ಟು ಬಿಳಿ ಚುಕ್ಕೆಗಳು, ಒಂದೊಂದರಿಂದಲೂ ಚೂಪಾಗಿ ಚಾಚಿಕೊಂಡ ಕಪ್ಪು ನೆರಳು. ಎರಡೇ ದಿನಕ್ಕೆ ಸುದ್ದಿಯಾಯಿತು. ಬೋಯಿಂಗ್ ಕಂಪನಿಯಲ್ಲಿದ್ದ ವಿಲಿಯಂ ಬ್ಲೇರ್ ಎಂಬುವರು ಆ ಚುಕ್ಕೆಗಳ ನಡುವೆ ಗೆರೆ ಎಳೆದು, ಇಲ್ಲಿ ಲಂಬಕೋನ ತ್ರಿಭುಜ ಇದೆ, ಸಮದ್ವಿಬಾಹು ತ್ರಿಭುಜ ಇದೆ, ತಾನಾಗಿ ಆದ ಜೋಡಣೆ ಇದ್ದಂತಿಲ್ಲ ಅಂದರು. ಅಲ್ಲಿಂದ ಇಲ್ಲಿಯವರೆಗೆ ಆ ಕಲ್ಲುಗಳು ಗೋಪುರಗಳಾಗಿಯೇ ಊರೂರು ಸುತ್ತುತ್ತಿವೆ.

ಚಿತ್ರ ತೆಗೆದಾಗ ಅಲ್ಲಿ ಸೂರ್ಯ ದಿಗಂತದಿಂದ ಸುಮಾರು 11 ಡಿಗ್ರಿ ಮೇಲಿದ್ದ. ಮಿಕ್ಕದ್ದಕ್ಕೆ ಹತ್ತನೇ ಕ್ಲಾಸಿನ ತ್ರಿಕೋನಮಿತಿ ಸಾಕು. 11 ಡಿಗ್ರಿಯ ಟ್ಯಾನ್ 0.194. ಅಂದರೆ ಸಮನೆಲದಲ್ಲಿ ಕಲ್ಲಿನ ಎತ್ತರದ ಐದು ಪಟ್ಟು ಮಿಕ್ಕಿ ಉದ್ದದ ನೆರಳು. ನೆಲ ನೆರಳಿನ ದಿಕ್ಕಿಗೆ ಬರೀ 5 ಡಿಗ್ರಿ ಇಳಿಜಾರಾಗಿದ್ದರೆ ಆ 0.194ರಲ್ಲಿ 0.087 ಕಳೆಯಬೇಕು, ನೆರಳು ಒಂಬತ್ತು ಪಟ್ಟು ದಾಟುತ್ತದೆ. ಇಳಿಜಾರು ಗೊತ್ತಿಲ್ಲದೆ ನೆರಳು ನೋಡಿ ಎತ್ತರ ಹೇಳುವ ಯಾರನ್ನೂ ನಾವು ಸೈಟಿನ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ.

ಇದನ್ನು ಮಕ್ಕಳಿಗೆ ತೋರಿಸಲು ಚಂದ್ರನವರೆಗೆ ಹೋಗಬೇಕಿಲ್ಲ. ನಮ್ಮ ಕಡೆ ಸೂರ್ಯ ಹುಟ್ಟಿದ ಮುಕ್ಕಾಲು ಗಂಟೆಗೆ ಹೆಚ್ಚುಕಡಿಮೆ 11 ಡಿಗ್ರಿ ಏರಿರುತ್ತಾನೆ. ಆ ಹೊತ್ತಿಗೆ ಮಕ್ಕಳನ್ನು ಶಾಲೆಯ ಅಂಗಳಕ್ಕೆ ಕರೆಸಿ. ಐದು ಮೀಟರ್ ಧ್ವಜಸ್ತಂಭದ ನೆರಳು 26 ಮೀಟರ್ ಹತ್ತಿರ ಹೋಗುತ್ತದೆ. ಎಷ್ಟೋ ಶಾಲೆಗಳಲ್ಲಿ ಅಂಗಳ ಸಾಲದೆ ಕಾಂಪೌಂಡು ಗೋಡೆ ಹತ್ತುತ್ತದೆ, ಹತ್ತಿದ ಕೂಡಲೇ ಮೊಟಕಾಗುತ್ತದೆ. ನೆಲದ ಏರಿಳಿತ ನೆರಳನ್ನು ಏನು ಮಾಡುತ್ತದೆ ಅನ್ನುವುದಕ್ಕೆ ಅದೇ ಪಾಠ. ಆಮೇಲೆ ಒಂದು ಕುಂಬಳಕಾಯಿಯನ್ನು ನೆಲದ ಮೇಲಿಟ್ಟು ಅದರ ನೆರಳಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಸಿ. ಗುಂಡಗಿನ ಕಾಯಿ, ನೆರಳು ಮಾತ್ರ ಉದ್ದನೆಯ ಕಂಬ. ಮಕ್ಕಳು ಕಾಯಿಯನ್ನು ಬಿಟ್ಟು ನೆರಳನ್ನಷ್ಟೇ ಮೊಬೈಲಿನಲ್ಲಿ ಹಿಡಿದು ಮನೆಯವರಿಗೆ ತೋರಿಸಲಿ, ಯಾರಾದರೂ ಕುಂಬಳಕಾಯಿ ಅನ್ನುತ್ತಾರೋ ನೋಡಲಿ.

ತ್ರಿಭುಜಗಳ ವಿಷಯ ಇನ್ನೂ ಸುಲಭ. ಗ್ರಾಫ್ ಹಾಳೆಯ ಮೇಲೆ ಆರು ಹುರುಳಿ ಕಾಳು ಎರಚಿ. ಆರು ಚುಕ್ಕೆಗಳ ನಡುವೆ 15 ಗೆರೆ ಎಳೆಯಬಹುದು, 20 ತ್ರಿಭುಜ ಮಾಡಬಹುದು. ಇಪ್ಪತ್ತರಲ್ಲಿ ಒಂದಾದರೂ ಲಂಬಕೋನಕ್ಕೆ ಹತ್ತಿರ ಬರುತ್ತದೆ, ಒಂದಾದರೂ ಎರಡು ಸಮ ಬಾಹುಗಳ ಹಾಗೆ ಕಾಣುತ್ತದೆ. ಅದೂ ಆರೇ ಕಾಳಿಗೆ. ಚಂದ್ರನ ಮೇಲೆ ಕಲ್ಲುಗಳಿಗೆ ಬರವಿಲ್ಲ. ಬೇಕಾದ ಕಲ್ಲು ಆರಿಸಿಕೊಳ್ಳುವ ಸ್ವಾತಂತ್ರ್ಯ ಇದ್ದರೆ ಎಂಥ ಆಕಾರವನ್ನೂ ಹೊಂದಿಸಬಹುದು ಅಂತ ಅದೇ ಬೋಯಿಂಗ್‌ನ ಇನ್ನೊಬ್ಬ ವಿಜ್ಞಾನಿ ಆಗಲೇ ಹೇಳಿದ್ದರು. ಅವರ ಮಾತು ಯಾರ ವಾಟ್ಸಾಪಿಗೂ ಬರಲಿಲ್ಲ.

ಆ ಹುಡುಗಿಯ ತರ್ಕ ತಪ್ಪಲ್ಲ ಅನ್ನುವುದನ್ನೂ ಹೇಳಬೇಕು. ನೆರಳು ಇದ್ದರೆ ಏನೋ ಇರಲೇಬೇಕು. ಅದೇ ತರ್ಕ ಹಿಡಿದು ಚಂದ್ರನ ಮೇಲೆ ನಿಜವಾಗಿ ನೆಟ್ಟ ಕಂಬಗಳನ್ನು ಪತ್ತೆ ಮಾಡಿದ್ದಾರೆ. 2009ರಿಂದ ನಾಸಾದ ಲೂನಾರ್ ರಿಕಾನಸನ್ಸ್ ಆರ್ಬಿಟರ್ ಅನ್ನುವ ನೌಕೆ ಚಂದ್ರನನ್ನು ಸುತ್ತುತ್ತಿದೆ, ಅದರ ಕ್ಯಾಮೆರಾ ಅರ್ಧ ಮೀಟರಿನಷ್ಟು ಚಿಕ್ಕದನ್ನು ಗುರುತಿಸುತ್ತದೆ. ಅಪೊಲೊ ಗಗನಯಾತ್ರಿಗಳು ನೆಟ್ಟ ಬಾವುಟಗಳು ಇನ್ನೂ ನಿಂತಿವೆಯೋ ಬಿದ್ದಿವೆಯೋ ಅನ್ನುವ ಪ್ರಶ್ನೆ ಬಹಳ ಕಾಲ ಇತ್ತು. ಬೇರೆ ಬೇರೆ ಹೊತ್ತಿನಲ್ಲಿ ಒಂದೇ ಜಾಗದ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರು. ಸೂರ್ಯ ಸರಿದ ಹಾಗೆ ನೆರಳೂ ಒಂದು ಬಿಂದುವಿನ ಸುತ್ತ ಸರಿಯುತ್ತಿತ್ತು. ಅಪೊಲೊ 12, 16, 17ರ ಬಾವುಟಗಳು ನಿಂತಿವೆ ಅಂತ 2012ರಲ್ಲಿ ಗಟ್ಟಿಯಾಯಿತು. ಅಪೊಲೊ 11ರ ಜಾಗದಲ್ಲಿ ಅಂಥ ನೆರಳು ಸಿಗಲಿಲ್ಲ. ಮೇಲೇಳುವಾಗ ಎಂಜಿನ್ನಿನ ಹೊಡೆತಕ್ಕೆ ಬಾವುಟ ಬಿದ್ದದ್ದನ್ನು ಕಂಡೆ ಅಂತ ಆ ನೌಕೆಯಲ್ಲಿದ್ದ ಬಜ್ ಆಲ್ಡ್ರಿನ್ ಹೇಳಿದ್ದಕ್ಕೂ ಅದು ತಾಳೆಯಾಯಿತು. ಒಂದು ಚಿಕ್ಕ ಬಾವುಟವನ್ನು ಬರೀ ನೆರಳಿನಿಂದ ಹಿಡಿದುಹಾಕಿದ್ದಾರೆ ಸ್ವಾಮಿ! ಕೆಲವರು ಹೇಳುವ ಹಾಗೆ ಕಿಲೋಮೀಟರುಗಟ್ಟಲೆ ಎತ್ತರದ ಗಾಜಿನ ಗೋಪುರ ಅಲ್ಲಿ ಇದ್ದಿದ್ದರೆ ಅದರ ನೆರಳು ಎಲ್ಲಿ ಅಡಗಿಕೊಳ್ಳುತ್ತಿತ್ತು?

ರಟ್ಟಿನ ಮೇಲಿದ್ದ ಎರಡನೇ ಚಿತ್ರ ಮಂಗಳನ ಮುಖ. 1976ರ ಜುಲೈ 25ರಂದು ವೈಕಿಂಗ್ 1 ನೌಕೆ ಸೈಡೋನಿಯಾ ಎಂಬ ಪ್ರದೇಶದಲ್ಲಿ ತೆಗೆದದ್ದು. ಉದ್ದ ಹತ್ತಿರ ಹತ್ತಿರ 2 ಕಿ.ಮೀ. ಆ ಚಿತ್ರದಲ್ಲಿ ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 50 ಮೀಟರಿನಷ್ಟು. ಇದು ಎಷ್ಟು ಒರಟು ಅಂತ ತಿಳಿಯಬೇಕಾದರೆ ಕನ್ನಂಬಾಡಿ ಕಟ್ಟೆಯನ್ನು ಆ ಕ್ಯಾಮೆರಾದ ಮುಂದೆ ಇಡಿ. ಕಟ್ಟೆಯ ಉದ್ದ 2.6 ಕಿ.ಮೀ., ಅಂದರೆ ಐವತ್ತು ಚಿಲ್ಲರೆ ಚುಕ್ಕೆ. ದಪ್ಪಕ್ಕೆ ಒಂದು ಚುಕ್ಕೆ ತುಂಬುವುದೂ ಅನುಮಾನ. ಗೇಟು, ತೂಬು, ಮೆಟ್ಟಿಲು, ಕಾವೇರಿ ತಾಯಿಯ ವಿಗ್ರಹ ಒಂದೂ ಬರುವುದಿಲ್ಲ. ಅಂಥ ಚುಕ್ಕೆಗಳಲ್ಲಿ ಮಂಗಳನ ಮುಖಕ್ಕೆ ಕಣ್ಣು, ಬಾಯಿ, ಮೂಗಿನ ಹೊಳ್ಳೆ ಕಂಡದ್ದು. ಆ ಹೊಳ್ಳೆಯಂತೂ ಕಲ್ಲಲ್ಲ, ಮಣ್ಣಲ್ಲ, ನೆರಳೂ ಅಲ್ಲ. ರೇಡಿಯೊದಲ್ಲಿ ಬರುವಾಗ ಕಳೆದುಹೋದ ಮಾಹಿತಿಯ ಕಪ್ಪು ಚುಕ್ಕೆ. ಚಿತ್ರದ ತುಂಬ ಅಂಥವು ಇದ್ದವು, ಒಂದು ಬಂದು ಮೂಗಿನ ಜಾಗದಲ್ಲೇ ಕೂತಿತು.

ನಾಸಾ ಇದನ್ನು ಬಚ್ಚಿಟ್ಟಿತು ಅಂತ ಹೇಳುವವರಿಗೆ ಒಂದು ಮಾತು. ಬೆಳಕು ನೆರಳಿನಿಂದ ತಲೆಯ ಹಾಗೆ ಕಾಣುವ ಗುಡ್ಡ ಅಂತ ವಿವರಣೆ ಬರೆದು, ವಾರದೊಳಗೆ ಪತ್ರಿಕೆಗಳಿಗೆ ಕೊಟ್ಟದ್ದು ನಾಸಾವೇ. 1998ರಲ್ಲಿ, ಮತ್ತೆ 2001ರ ಏಪ್ರಿಲ್‌ನಲ್ಲಿ ಮಾರ್ಸ್ ಗ್ಲೋಬಲ್ ಸರ್ವೇಯರ್ ಅನ್ನುವ ನೌಕೆ ಅದೇ ಗುಡ್ಡವನ್ನು ಮತ್ತೆ ನೋಡಿತು. ಎರಡನೇ ಸಲ ಒಂದು ಪಿಕ್ಸೆಲ್ಲಿಗೆ ಒಂದೂವರೆ ಮೀಟರಿನಷ್ಟು. ಗಾಳಿ, ಕುಸಿತಗಳಿಂದ ಅಂಚು ಸವೆದ ಚಪ್ಪಟೆ ತಲೆಯ ಗುಡ್ಡ, ಅಷ್ಟೇ. ನಮ್ಮ ಕುಂತಿಬೆಟ್ಟದ ಬಂಡೆಗಳೂ ಪಾಂಡವಪುರದ ಕಡೆಯಿಂದ ಒಂದು ಥರ, ಹಿಂದಿನಿಂದ ಒಂದು ಥರ. ಬಂಡೆಯಲ್ಲಿ ಆಕಾರ ಕಂಡು ಕಥೆ ಕಟ್ಟುವುದು ನಮ್ಮ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾದ್ದಲ್ಲ, ಚಂದ್ರನಲ್ಲಿ ಮೊಲ ಕಂಡವರು ನಾವು. ಕಥೆಯಾಗಿ ಇರುವವರೆಗೆ ಚೆಂದವೇ.

ಮೂರನೆಯದು ಬಾಗಿಲು. 2022ರ ಮೇ 7ರಂದು, ಮಂಗಳನ ನೆಲದ ಮೇಲೆ ಓಡಾಡುವ ಕ್ಯೂರಿಯಾಸಿಟಿ ರೋವರ್ ತೆಗೆದ ಚಿತ್ರ. ಬಂಡೆಯಲ್ಲಿ ಕೊರೆದ ಹಾಗೆ ಚೌಕವಾದ ಕತ್ತಲು. ಟಿವಿಯವರು ಕೆಂಪು ವೃತ್ತ ಹಾಕಿ, ಹಿಂದೆ ನಗಾರಿ ಬಾರಿಸಿ ತೋರಿಸಿದರು. ಎತ್ತರ ಮಾತ್ರ ಹೇಳಲಿಲ್ಲ, ಒಂದು ಅಡಿ. ಬಂಡೆಯ ಬಿರುಕುಗಳು ಸೇರಿದ ಕಡೆ ಒಂದು ತುಂಡು ಕಳಚಿಕೊಂಡಿದೆ, ಬೆಕ್ಕು ನುಗ್ಗಬಹುದೇನೋ. ಚೀನಾದ ಯುಟು 2 ರೋವರಿಗೆ 2021ರ ಕೊನೆಯಲ್ಲಿ ಚಂದ್ರನ ಆಚೆ ಮಗ್ಗುಲಲ್ಲಿ ಒಂದು ‘ಗುಡಿಸಲು’ ಕಂಡಿತ್ತು, ಸುಮಾರು 80 ಮೀಟರ್ ದೂರದಲ್ಲಿ. ಅವರು ಗಲಾಟೆ ಮಾಡಲಿಲ್ಲ, ರೋವರನ್ನು ಮೆಲ್ಲಗೆ ಅತ್ತ ಓಡಿಸಿದರು. 2022ರ ಜನವರಿಗೆ ಹತ್ತಿರದ ಚಿತ್ರ ಬಂತು: ಕುಳಿಯ ಅಂಚಿನಲ್ಲಿ ಕೂತ ಚಿಕ್ಕದೊಂದು ಕಲ್ಲು. ಶುಕ್ರನದು ಎಲ್ಲಕ್ಕಿಂತ ತಮಾಷೆ. 1982ರಲ್ಲಿ ಅಲ್ಲಿ ಇಳಿದ ರಷ್ಯದ ವೆನೆರಾ 13ರ ಹಳೆಯ ಚಿತ್ರಗಳಲ್ಲಿ ಚೇಳಿನಂಥದ್ದು, ಓಡಾಡುವ ತಟ್ಟೆಯಂಥದ್ದು ಇವೆ ಅಂತ 2012ರಲ್ಲಿ ರಷ್ಯದ ವಿಜ್ಞಾನಿಯೊಬ್ಬರೇ ಬರೆದರು. ಆ ತಟ್ಟೆ ನೌಕೆಯ ಕ್ಯಾಮೆರಾದಿಂದ ಕಳಚಿ ಬಿದ್ದ ಮುಚ್ಚಳ. ದೊಡ್ಡವರೂ ಜಾರುತ್ತಾರೆ, ಮಕ್ಕಳನ್ನು ಗದರಿಸುವ ಮುನ್ನ ಇದು ನೆನಪಿರಲಿ.

ಪ್ರಿಂಟು ಕೈಯಲ್ಲಿದ್ದಾಗ ಮಾಡಬೇಕಾದ ಇನ್ನೊಂದು ಕೆಲಸ ಇದೆ. ಪ್ರದರ್ಶನ ಮುಗಿದು ಎಲ್ಲರೂ ಕಟ್ಟಿಕೊಳ್ಳುತ್ತಿದ್ದಾಗ ಆ ಹುಡುಗಿಯ ರಟ್ಟಿನಿಂದ ‘ಗುಮ್ಮಟಗಳು’ ಅಂತ ಬರೆದಿದ್ದ ಒಂದು ಚಿತ್ರ ಬಿಚ್ಚಿಸಿ, ಮೇಜಿನ ಮೇಲೆ ತಲೆಕೆಳಗು ಮಾಡಿ ಇಟ್ಟೆ. ಅವಳು ಬಗ್ಗಿ ನೋಡಿದಳು. ಉಬ್ಬಿಕೊಂಡಿದ್ದ ಸಾಲು ಗುಮ್ಮಟಗಳೆಲ್ಲ ಒಳಕ್ಕೆ ಕುಸಿದು ಕುಳಿಗಳಾದವು. ತಿರುಗಿಸಿದಳು, ಗುಮ್ಮಟ. ಮತ್ತೆ ತಿರುಗಿಸಿದಳು, ಕುಳಿ. ‘ಅಯ್ಯೋ’ ಅಂದು ಗೆಳತಿಯನ್ನು ಕೂಗಿದಳು. ಬೆಳಕು ಮೇಲಿನಿಂದ ಬೀಳುತ್ತದೆ ಅಂತ ನಮ್ಮ ಕಣ್ಣು ಮೊದಲೇ ತೀರ್ಮಾನಿಸಿರುತ್ತದೆ. ಚಿತ್ರದಲ್ಲಿ ಬೆಳಕು ಕೆಳಗಿನಿಂದ ಬಂದಿದ್ದರೆ ಗುಂಡಿ ಗುಡ್ಡವಾಗುತ್ತದೆ. ಆದ್ದರಿಂದ ಬಿಸಿಲಿನ ದಿಕ್ಕು ಬರೆಯದ ಚಂದ್ರನ ಚಿತ್ರವನ್ನು ಸರ್ವೆ ನಕ್ಷೆಯಲ್ಲಿ ಉತ್ತರದ ಬಾಣ ಇಲ್ಲದಿದ್ದರೆ ಹೇಗೋ ಹಾಗೆ ನೋಡಬೇಕು.

ಇಂಥ ಚಿತ್ರಗಳಲ್ಲಿ ಕಂಡವು ಅನ್ನುವ ‘ನಗರ’ಗಳದ್ದೂ ಹೆಚ್ಚಿನ ಪಾಲು ಇಂಥದ್ದೇ. ಜೆಪೆಗ್ ಅನ್ನುವ ಬಗೆಯ ಚಿತ್ರವನ್ನು ಕುಗ್ಗಿಸುವಾಗ 8ಕ್ಕೆ 8 ಪಿಕ್ಸೆಲ್ಲಿನ ಚೌಕಗಳಾಗಿ ಕತ್ತರಿಸುತ್ತಾರೆ. ಕೈಯಿಂದ ಕೈಗೆ ಫಾರ್ವರ್ಡ್ ಆದ ಚಿತ್ರವನ್ನು ಹಿಗ್ಗಿಸಿದರೆ ಆ ಚೌಕಗಳೇ ಬೀದಿ, ಬ್ಲಾಕು, ಕಾಂಪೌಂಡುಗಳಾಗಿ ಎದ್ದು ಬರುತ್ತವೆ. ಮಂಡ್ಯದ ಗದ್ದೆಬಯಲನ್ನೇ ಹಾಗೆ ಹಿಗ್ಗಿಸಿ ನೋಡಿ, ಅಲ್ಲೂ ಒಂದು ಬಡಾವಣೆ ಏಳುತ್ತದೆ. (ಸ್ವಲ್ಪ ದಿನ ಬಿಟ್ಟರೆ ನಿಜವಾಗಿಯೂ ಏಳುತ್ತದೆ, ಅದು ಬೇರೆ ಪತ್ರಕ್ಕೆ ಇರಲಿ.)

ಇನ್ನು ನನ್ನ ಕಸುಬಿನ ಮಾತಿಗೆ ಬರುತ್ತೇನೆ, ಉದ್ದವಾದರೆ ಸಹಿಸಿಕೊಳ್ಳಿ. ಮಂಗಳನ ಮೇಲೆ ನಾಲೆಗಳಿವೆ ಅಂತ ಒಂದು ಕಾಲದಲ್ಲಿ ಜಗತ್ತೇ ಮಾತಾಡಿಕೊಂಡಿತ್ತು. ಪರ್ಸಿವಲ್ ಲೋವೆಲ್ ಎಂಬ ಅಮೆರಿಕದ ಸಿರಿವಂತರು 1894ರಲ್ಲಿ ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ಸ್ವಂತ ಖರ್ಚಿನಿಂದ ವೀಕ್ಷಣಾಲಯ ಕಟ್ಟಿಸಿ, ಮಂಗಳನ ಮೇಲೆ ನೂರಾರು ನೆಟ್ಟಗಿನ ಗೆರೆಗಳನ್ನು ಬರೆದರು. ಗ್ರಹ ಒಣಗುತ್ತಿದೆ, ಧ್ರುವದ ಹಿಮ ಕರಗಿಸಿ ಬಯಲಿಗೆ ನೀರು ತರಲು ಅಲ್ಲಿನ ಜನ ನಾಲೆ ತೋಡಿದ್ದಾರೆ ಅನ್ನುವುದು ಅವರ ವಾದ. ಗೆರೆ ಅಷ್ಟು ನೆಟ್ಟಗಿರುವುದೇ ಬುದ್ಧಿವಂತರ ಕೆಲಸ ಅನ್ನುವುದಕ್ಕೆ ಸಾಕ್ಷಿ ಅಂದರು.

ನಾಲೆಯ ನೀರು ಬಿಡುವ ಮಂಡ್ಯದ ಯಾವ ಸೌಡಿಯನ್ನಾದರೂ ಕೇಳಿ ನೋಡಿ. ನೀರು ಹರಿಯುವ ನಾಲೆ ನೆಟ್ಟಗಿರುವುದಿಲ್ಲ. ವಿಶ್ವೇಶ್ವರಯ್ಯ ನಾಲೆ ಕನ್ನಂಬಾಡಿಯಿಂದ ಹೊರಟು ದಿಣ್ಣೆ ಬಳಸಿ, ಹಳ್ಳ ದಾಟಿ, ಒಂದೇ ಮಟ್ಟದ ಗೆರೆ ಹಿಡಿದು, ಸಾವಿರ ಅಡಿಗೆ ಇಷ್ಟಿಷ್ಟೇ ಇಂಚು ಇಳಿಯುತ್ತಾ ಸಾಗುತ್ತದೆ. ಸುತ್ತಿ ಹೋಗಲಾರದ ದಿಣ್ಣೆ ಅಡ್ಡ ಬಂದ ಕಡೆ ಹುಲಿಕೆರೆಯಲ್ಲಿ ಮೂರು ಕಿ.ಮೀ.ಗೆ ಹತ್ತಿರದ ಸುರಂಗವನ್ನೇ ಕೊರೆದರು. ಸಾವಿರಾರು ಕಿ.ಮೀ. ದೂರ ಬೆಟ್ಟ ಕಣಿವೆ ಒಂದನ್ನೂ ಲೆಕ್ಕಿಸದೆ ಸ್ಕೇಲ್ ಇಟ್ಟು ಎಳೆದಂತೆ ಹೋಗುವ ನಾಲೆ ಬುದ್ಧಿವಂತರ ಕೆಲಸ ಅಲ್ಲ, ಎಸ್ಟಿಮೇಟಿಗೆ ಸಹಿ ಹಾಕುವವರು ಯಾರೂ ಇಲ್ಲದ ಕೆಲಸ.

ಲೋವೆಲ್ ದಡ್ಡರೇನಲ್ಲ. ಅಷ್ಟು ದೂರದಿಂದ ನಾಲೆಯ ನೀರು ಕಾಣುವುದಿಲ್ಲ, ಕಾಣುವುದು ಅದರ ಇಕ್ಕೆಲದ ಬೆಳೆಯ ಹಸಿರು ಅಂತ ಅವರೇ ಹೇಳಿದ್ದರು. ಜಾಣ ಮಾತು. ಆಕಾಶದಿಂದ ನೋಡಿದರೆ ಮಂಡ್ಯದಲ್ಲೂ ಕಾಣುವುದು ಅಚ್ಚುಕಟ್ಟಿನ ಹಸಿರೇ. ಆದರೆ ಆ ಹಸಿರು ನಾಲೆಗೆ ಒಂದೇ ಮಗ್ಗುಲಲ್ಲಿ, ತಗ್ಗಿನ ಕಡೆ ಇರುತ್ತದೆ. ಮೇಲುಗಡೆ ಮಳೆ ನಂಬಿದ ರಾಗಿ, ಹುರುಳಿ. ಏರಿ ಮೇಲೆ ನಿಂತರೆ ಎಡಕ್ಕೊಂದು ಲೋಕ, ಬಲಕ್ಕೊಂದು ಲೋಕ. ನಮ್ಮ ಜಿಲ್ಲೆಯಲ್ಲಿ ಅದೆಷ್ಟು ಜಗಳಗಳು ಆ ಗೆರೆಯಿಂದ ಹುಟ್ಟಿವೆಯೋ. ಲೋವೆಲ್ ಬರೆದ ಗೆರೆಗಳಿಗೆ ಮೇಲು ತಗ್ಗು ಅನ್ನುವ ಭೇದವೇ ಇರಲಿಲ್ಲ.

ಹಾಗಾದರೆ ಅವರಿಗೆ ಕಂಡದ್ದೇನು? ಗ್ರೀನಿಚ್‌ನ ಎಡ್ವರ್ಡ್ ವಾಲ್ಟರ್ ಮೌಂಡರ್ ಎಂಬ ಖಗೋಳಜ್ಞ 1903ರಲ್ಲಿ ಶಾಲಾ ಹುಡುಗರ ಮೇಲೆ ಒಂದು ಪ್ರಯೋಗ ಮಾಡಿದರು. ಗುಂಡಗಿನ ಚಿತ್ರದಲ್ಲಿ ಗೆರೆಗಳನ್ನು ಹಾಕದೆ ಚುಕ್ಕೆ, ಕಲೆಗಳನ್ನಷ್ಟೇ ಹಾಕಿ ಗೋಡೆಗೆ ತೂಗಿಸಿ, ಕಂಡದ್ದನ್ನು ಬರೆಯಿರಿ ಅಂದರು. ಮುಂದಿನ ಬೆಂಚಿನವರು ಚುಕ್ಕೆ ಬರೆದರು. ತೀರ ಹಿಂದಿನವರಿಗೆ ಏನೂ ಕಾಣಲಿಲ್ಲ. ನಡುವಿನವರು ನೆಟ್ಟಗಿನ ಗೆರೆಗಳನ್ನು ಬರೆದರು. ಕಣ್ಣಿಗೆ ಬಿಡಿಬಿಡಿಯಾಗಿ ನಿಲುಕದ ಚುಕ್ಕೆಗಳನ್ನು ಮಿದುಳು ತಾನೇ ಪೋಣಿಸಿ ಗೆರೆ ಮಾಡಿಕೊಡುತ್ತದೆ. ಈ ಪ್ರಯೋಗಕ್ಕೆ ಒಂದು ಡ್ರಾಯಿಂಗ್ ಹಾಳೆ, ಒಂದು ಉದ್ದನೆಯ ಕೊಠಡಿ ಸಾಕು. ಸರ್ಕಾರಿ ಶಾಲೆಯಲ್ಲಿ ಬಿಡಿಗಾಸಿನ ಖರ್ಚಿಲ್ಲದೆ ಮಾಡಬಹುದು. ಸೋಡಾ ಜ್ವಾಲಾಮುಖಿಗಿಂತ ಅಗ್ಗ. ಕೊನೆಗೆ 1965ರ ಜುಲೈನಲ್ಲಿ ಮ್ಯಾರಿನರ್ 4 ಮಂಗಳನ ಪಕ್ಕದಲ್ಲೇ ಹಾದುಹೋಗಿ ಇಪ್ಪತ್ತು ಚಿಲ್ಲರೆ ಚಿತ್ರ ಕಳಿಸಿತು. ಕುಳಿಗಳಿದ್ದವು, ನಾಲೆ ಇರಲಿಲ್ಲ. ಲೋವೆಲ್ ತೀರಿಕೊಂಡು ಆಗಲೇ ಅರ್ಧ ಶತಮಾನವಾಗುತ್ತ ಬಂದಿತ್ತು.

ಚಂದ್ರ ಟೊಳ್ಳು, ಒಳಗೆ ಯಾರೋ ಇದ್ದಾರೆ ಅನ್ನುವ ಮಾತೂ ಮಕ್ಕಳ ಕಿವಿಗೆ ಬೀಳುತ್ತದೆ. 1969ರ ನವೆಂಬರ್ 20ರಂದು ಅಪೊಲೊ 12ರವರು ಕೆಲಸ ಮುಗಿದ ನೌಕೆಯನ್ನು ಚಂದ್ರನಿಗೆ ಅಪ್ಪಳಿಸಿದಾಗ ಕಂಪನ ಹೆಚ್ಚುಕಡಿಮೆ ಒಂದು ಗಂಟೆ ನಿಲ್ಲಲಿಲ್ಲ ಅನ್ನುವುದು ನಿಜ. ಕಾರಣ ಅಲ್ಲಿನ ಬಿರುಕುಬಿಟ್ಟ, ನೀರಿನ ಪಸೆಯಿಲ್ಲದ ಒಣ ಕಲ್ಲು. ಕಂಪನ ಚೆದುರಿ ಚೆದುರಿ ಓಡಾಡುತ್ತದೆ, ಇಂಗುವುದಿಲ್ಲ. ಟೊಳ್ಳು ಗೋಳ ತಿರುಗುವ ರೀತಿಯೇ ಬೇರೆ, ಚಂದ್ರ ಹಾಗೆ ತಿರುಗುತ್ತಿಲ್ಲ. ಇದಕ್ಕೆ ಇಷ್ಟು ಸಾಕು.

ಎಲ್ಲಾ ಅಮೆರಿಕದವರ ಕೈಯಲ್ಲಿದೆ, ಅಳಿಸಿ ತಿದ್ದಿ ಕೊಡುತ್ತಾರೆ ಅಂತ ವಾದಿಸುವವರು ಪ್ರತಿ ಟೀ ಅಂಗಡಿಯಲ್ಲೂ ಇದ್ದಾರೆ. ಆ ಕಾಲ ಹೋಯಿತು. ಚೀನಾ, ಜಪಾನ್, ಕೊರಿಯಾದ ಕ್ಯಾಮೆರಾಗಳೂ ಚಂದ್ರನನ್ನು ನೋಡಿವೆ. ನಮ್ಮ ಚಂದ್ರಯಾನ 2 2019ರಿಂದ ಅಲ್ಲೇ ಸುತ್ತುತ್ತಿದೆ. ಅದರ ಹೈ ರೆಸಲ್ಯೂಷನ್ ಕ್ಯಾಮೆರಾ ನೂರು ಕಿ.ಮೀ. ಮೇಲಿನಿಂದ 25-30 ಸೆಂಟಿಮೀಟರಿಗೆ ಒಂದು ಪಿಕ್ಸೆಲ್ಲಿನಂತೆ ತೆಗೆಯುತ್ತದೆ. ಅಪೊಲೊ 11ರವರು ಬಿಟ್ಟು ಬಂದ ನೌಕೆಯ ಬುಡವನ್ನು ಅದು ತೆಗೆದಿದೆ, 2023ರ ಆಗಸ್ಟ್ 23ರಂದು ಇಳಿದ ನಮ್ಮ ಚಂದ್ರಯಾನ 3ರ ವಿಕ್ರಮನನ್ನೂ ತೆಗೆದಿದೆ. ಆ ಮಾಹಿತಿ ಬಂದು ಸೇರುವುದು ಬ್ಯಾಲಾಳುವಿಗೆ. ಮಂಡ್ಯದಿಂದ ಬೆಂಗಳೂರಿಗೆ ಹೋಗುವಾಗ ಬಿಡದಿ ಹತ್ತಿರ ಎಡಕ್ಕೆ ಒಳಗೆ ಸಿಗುವ ಊರು. 32 ಮೀಟರ್ ಅಗಲದ ದೊಡ್ಡ ಡಿಶ್ ಅಲ್ಲಿದೆ, ಇಸ್ರೋದ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರವೂ ಅಲ್ಲೇ. ಆ ಕೇಂದ್ರದ ‘ಪ್ರದಾನ್’ ಪೋರ್ಟಲಿನಲ್ಲಿ ಹೆಸರು ನೋಂದಾಯಿಸಿಕೊಂಡರೆ ಚಂದ್ರಯಾನ 2ರ ಚಿತ್ರಗಳನ್ನು ಇಳಿಸಿಕೊಳ್ಳಬಹುದು.

ಇಳಿಸಿಕೊಂಡು ಏನು ಮಾಡುವುದು ಅನ್ನುವವರಿಗೆ ಷಣ್ಮುಗ ಸುಬ್ರಮಣಿಯನ್ ಅವರ ಕಥೆ ಹೇಳಿ. ಚೆನ್ನೈನ ಎಂಜಿನಿಯರ್, ಬಾಹ್ಯಾಕಾಶ ಅವರ ಹವ್ಯಾಸ. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ 2ರ ಲ್ಯಾಂಡರ್ (ಅದರ ಹೆಸರೂ ವಿಕ್ರಮ್) ಸಂಪರ್ಕ ಕಳೆದುಕೊಂಡು ಬಿತ್ತು. ಬಿದ್ದ ಪ್ರದೇಶದ ಚಿತ್ರವನ್ನು ನಾಸಾ ಬಿಡುಗಡೆ ಮಾಡಿದಾಗ ಅವರು ಕೆಂಪು ವೃತ್ತ ಹಾಕಿ ಹಂಚಲಿಲ್ಲ. ಬೀಳುವ ಮೊದಲಿನ ಚಿತ್ರ, ಬಿದ್ದ ಮೇಲಿನ ಚಿತ್ರ, ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಚುಕ್ಕೆ ಚುಕ್ಕೆ ತಾಳೆ ನೋಡಿದರು. ಮೊದಲು ಇಲ್ಲದೆ ಆಮೇಲೆ ಬಂದ ಒಂದು ಬಿಳಿ ಚುಕ್ಕೆ ಸಿಕ್ಕಿತು. ಬರೆದು ಕಳಿಸಿದರು. ನಾಸಾದವರು ಬೇರೆ ಬೆಳಕಿನಲ್ಲಿ ತೆಗೆದ ಚಿತ್ರಗಳಿಗೂ ಕಾದು, ಹೋಲಿಸಿ, 2019ರ ಡಿಸೆಂಬರ್ 2ರಂದು ಅದು ವಿಕ್ರಮನ ಚೂರು ಅಂತ ಅವರ ಹೆಸರು ಹೇಳಿಯೇ ಪ್ರಕಟಿಸಿದರು. ಅಪ್ಪಳಿಸಿದ ಮುಖ್ಯ ಜಾಗದಿಂದ 750 ಮೀಟರ್ ವಾಯುವ್ಯಕ್ಕಿತ್ತು ಆ ಚೂರು. ಚಂದ್ರನ ಮೇಲೆ ಪ್ರಕೃತಿಯದ್ದಲ್ಲದ ವಸ್ತುವೊಂದನ್ನು ಮನೆಯಲ್ಲಿ ಕೂತು ನಿಜವಾಗಿ ಕಂಡುಹಿಡಿದವರು ಇವರು. ಆ ಹುಡುಗಿಯ ರಟ್ಟಿನ ಮೇಲೆ ಇವರ ಚಿತ್ರಕ್ಕೆ ಜಾಗ ಇರಲಿಲ್ಲ, ಯಾಕೆಂದರೆ ಅವಳಿಗೆ ಯಾರೂ ಇವರ ವಿಷಯ ಹೇಳಿರಲಿಲ್ಲ.

‘ತೆಗೆಸಿ’ ಅಂದ ಹಿರಿಯರಿಗೆ ಇನ್ನೊಂದು ಮಾತು. ಅನ್ಯಲೋಕದವರ ಗುರುತು ಚಂದ್ರನ ಮೇಲೆ ಇದೆಯೋ ಹುಡುಕೋಣ ಅನ್ನುವುದು ಹುಚ್ಚಲ್ಲ. ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದ ಪಾಲ್ ಡೇವಿಸ್ ಮತ್ತು ರಾಬರ್ಟ್ ವ್ಯಾಗ್ನರ್ ಹತ್ತು ವರ್ಷಕ್ಕೂ ಹಿಂದೆಯೇ ವಿಜ್ಞಾನ ಪತ್ರಿಕೆಯಲ್ಲಿ ಬರೆದರು: ಲೂನಾರ್ ರಿಕಾನಸನ್ಸ್ ಆರ್ಬಿಟರಿನ ಲಕ್ಷಾಂತರ ಚಿತ್ರಗಳು ಹೇಗೂ ಬಿದ್ದಿವೆ, ಮಳೆಗಾಳಿ ಇಲ್ಲದ ಚಂದ್ರನಲ್ಲಿ ಗುರುತು ಬಹುಕಾಲ ಉಳಿಯುತ್ತದೆ, ಸಿಗುವ ಸಂಭವ ಕಡಿಮೆಯಾದರೂ ಖರ್ಚೂ ಕಡಿಮೆ, ಹುಡುಕಿದರೆ ತಪ್ಪೇನು ಅಂತ. ಇದುವರೆಗೆ ಏನೂ ಸಿಕ್ಕಿಲ್ಲ. ಹುಡುಕುವ ದಾರಿಯಲ್ಲಿ ಬೇರೆ ಅದ್ಭುತಗಳು ಸಿಕ್ಕಿವೆ. ಲಾವಾ ಹರಿದು ಉಳಿದ ಸುರಂಗಗಳಿಗೆ ಚಂದ್ರಯಾನ 1ರ ಚಿತ್ರಗಳಲ್ಲೇ ಸುಳಿವು ಸಿಕ್ಕಿತ್ತು. ಶಾಂತಿಸಾಗರದ ಒಂದು ಗುಂಡಿಯ ತಳದಿಂದ ಒಳಕ್ಕೆ ಗುಹೆ ಚಾಚಿಕೊಂಡಿದೆ ಅಂತ 2024ರಲ್ಲಿ ರೇಡಾರ್ ಮಾಹಿತಿಯಿಂದ ತೋರಿಸಿದ್ದಾರೆ. ಮುಂದೆ ಮನುಷ್ಯರು ವಾಸಕ್ಕೆ ನೋಡುತ್ತಿರುವುದು ಅಂಥ ಗುಹೆಗಳನ್ನೇ.

ಈಗ ಕೇಳಿಕೊಳ್ಳಬೇಕಾದ್ದು. ಮುಂದಿನ ಪ್ರದರ್ಶನದಲ್ಲಿ ಇಂಥ ಮಾಡೆಲ್ ಬಂದರೆ ದಯವಿಟ್ಟು ತೆಗೆಸಬೇಡಿ. ಚಿತ್ರದ ಕೆಳಗೆ ಯಾವ ನೌಕೆ, ಯಾವ ದಿನಾಂಕ, ಒಂದು ಪಿಕ್ಸೆಲ್ಲಿಗೆ ಎಷ್ಟು ಮೀಟರ್, ಸೂರ್ಯನ ಕೋನ ಎಷ್ಟು ಅನ್ನುವುದನ್ನು ಬರೆಯಲು ಹೇಳಿ. ಬರೆಯಲು ಆಗದಿದ್ದರೆ ಅದನ್ನೇ ಬರೆಯಲಿ, ‘ಈ ಚಿತ್ರ ಎಲ್ಲಿಯದೆಂದು ಸಿಗಲಿಲ್ಲ’ ಅಂತ. ಆ ಒಂದು ಸಾಲಿಗೂ ಅಂಕ ಕೊಡಿ. ಅದೇ ಜಾಗದ ಇನ್ನೊಂದು ಹೊತ್ತಿನ ಚಿತ್ರವನ್ನು ಪಕ್ಕದಲ್ಲಿ ಅಂಟಿಸಿದ ಮಗುವಿಗೆ ಹೆಚ್ಚು ಅಂಕ ಕೊಡಿ. ಇಂಟರ್‌ನೆಟ್ ಇರುವ ಶಾಲೆಗಳಲ್ಲಿ ಸ್ಮಾರ್ಟ್ ಬೋರ್ಡಿನ ಮೇಲೆ ಅದೇ ನಾಸಾ ಆರ್ಬಿಟರಿನ ‘ಕ್ವಿಕ್‌ಮ್ಯಾಪ್’ ಅನ್ನುವ ಚಂದ್ರನ ನಕ್ಷೆ ತೆರೆದು ತೋರಿಸಿ. ಗೆರೆ ಎಳೆದರೆ ಆ ಗೆರೆಯುದ್ದಕ್ಕೂ ನೆಲದ ಏರಿಳಿತ ಬರೆದುಕೊಡುತ್ತದೆ. ಅಂಥದ್ದೊಂದು ಸೆಕ್ಷನ್ ತಯಾರಿಸಲು ನಾವು ಬಿಸಿಲಲ್ಲಿ ವಾರಗಟ್ಟಲೆ ಒಣಗುತ್ತಿದ್ದೆವು.

ತೀರ್ಪುಗಾರರ ಅಂಕಪಟ್ಟಿಯಲ್ಲಿ ಈಗ ‘ಸೃಜನಶೀಲತೆ’, ‘ಅಚ್ಚುಕಟ್ಟುತನ’, ‘ವಿವರಣೆ’ ಅಂತ ಕಾಲಂಗಳಿರುವುದನ್ನು ಕಂಡೆ. ‘ಅಳತೆ’ ಅಂತ ಇನ್ನೊಂದು ಕಾಲಂ ಹಾಕಿಸಿ, ಹತ್ತು ಅಂಕಕ್ಕೆ. ಧ್ವಜಸ್ತಂಭದ ನೆರಳು ಅಳೆಯುವ ದಿನ ಯಾವ ಶಾಲೆಯವರು ಕರೆದರೂ ಮೂವತ್ತು ಮೀಟರಿನ ಟೇಪು ತೆಗೆದುಕೊಂಡು ಬರುತ್ತೇನೆ. ಬೆಳಿಗ್ಗೆ ಏಳಕ್ಕೆ ಮುಂಚೆ ಗೇಟು ತೆಗೆಸಿರಿ.

ಇತಿ,
ನಿವೃತ್ತ ನಾಲೆ ಸರ್ವೇಯರ್, ಮಂಡ್ಯ